ಟ್ಯಾಬ್ಲೆಟ್, ಬ್ಲೀಚಿಂಗ್ ಪೌಡರ್, ಹೈಪೋ: ನಮ್ಮ ಪೂಲಿಗೆ ಹೈಪೋನೇ ಸರಿ

ಪೂಲಿನ ನೀರು ಕೆಡದ ಹಾಗೆ ಕ್ಲೋರಿನ್ ಹಾಕಲು ಈ ಮೂರರಲ್ಲಿ ಯಾವುದು ಒಳ್ಳೆಯದು? ಮೊದಲೇ ಹೇಳಿಬಿಡುತ್ತೇನೆ, ನಾನು ಹೈಪೋ ಕಡೆ. ಹೈಪೋ ಅಂದರೆ ಸೋಡಿಯಂ ಹೈಪೋಕ್ಲೋರೈಟ್, ಲಿಕ್ವಿಡ್ ಕ್ಲೋರಿನ್ ಅಂತ ಕ್ಯಾನಿನಲ್ಲಿ ಮಾರುತ್ತಾರಲ್ಲ, ಅದೇ. ಇದು ಗೊತ್ತಾಗುವ ಹೊತ್ತಿಗೆ ನಮ್ಮ ಪೂಲಿನ ಅರ್ಧ ನೀರು ಚರಂಡಿ ಸೇರಿತ್ತು. ಬಿಳಿ ಮೆಟ್ಟಿಲುಗಳು ಟೀ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ್ದವು.

ಮನೆ ಮೈಸೂರಿನ ಬೋಗಾದಿ ಕಡೆ. ಅಮ್ಮನಿಗೆ ಮಂಡಿ ನೋವು, ನೀರಲ್ಲಿ ನಡೆದರೆ ಹಗುರ ಅನಿಸುತ್ತದೆ ಅಂತ ಪುಟ್ಟ ಪೂಲ್ ಕಟ್ಟಿಸಿದೆವು. 6 ಮೀಟರ್ ಉದ್ದ, 3 ಮೀಟರ್ ಅಗಲ, 1.2 ಮೀಟರ್ ಆಳ. ಲೆಕ್ಕ ಹಾಕಿದರೆ 21,600 ಲೀಟರ್. ಈ ಲೆಕ್ಕ ತಲೆಯಲ್ಲಿರಲಿ, ಮುಂದೆ ಎಲ್ಲಾ ಇದರ ಮೇಲೇ ನಿಂತಿದೆ.

ಶುರು ಮಾಡಿದ್ದು ಟ್ಯಾಬ್ಲೆಟ್‌ನಿಂದ. 200 ಗ್ರಾಂನ ಒಂದು ಬಿಲ್ಲೆಯನ್ನು ತೇಲುವ ಡಬ್ಬಿಗೆ ಹಾಕಿ ಬಿಟ್ಟರೆ ನಾಲ್ಕು ದಿನ ಯೋಚನೆಯೇ ಇಲ್ಲ. ಮೂರು ತಿಂಗಳು ನೀರು ಕನ್ನಡಿ ಹಾಗಿತ್ತು. ಐದನೇ ತಿಂಗಳು, ಏಪ್ರಿಲ್ ಬಿಸಿಲಿನಲ್ಲಿ, ಮೂಲೆಗಳಲ್ಲಿ ಹಸಿರು ಪಾಚಿ ಕಾಣಿಸಿತು. ಟೆಸ್ಟ್ ಕಿಟ್‌ನಲ್ಲಿ ನೋಡಿದರೆ ಒಳ್ಳೇ ಹಳದಿ, ಕ್ಲೋರಿನ್ 3 ಪಿಪಿಎಂ, ಅಂದರೆ ಲೀಟರಿಗೆ 3 ಮಿಲಿಗ್ರಾಂ. ಕ್ಲೋರಿನ್ ಇದೆ, ಪಾಚಿಯೂ ಇದೆ. ಇನ್ನೆರಡು ಬಿಲ್ಲೆ ಹಾಕಿದೆ. ಪಾಚಿ ಇನ್ನೂ ಜಾಸ್ತಿಯಾಯಿತು.

ಅಂಗಡಿಯವರು ಹೇಳದೇ ಇದ್ದ ವಿಷಯ ಇದು. ಈ ಬಿಲ್ಲೆ, ಅಂದರೆ ಟಿಸಿಸಿಎ, ಬರೀ ಕ್ಲೋರಿನ್ ಅಲ್ಲ. ಜೊತೆಗೆ ಸೈಯನೂರಿಕ್ ಆಸಿಡ್ ಕೂಡ ನೀರಿಗೆ ಸೇರುತ್ತದೆ. ಪೂಲ್ ಕೆಲಸದವರು ಅದನ್ನು ಸ್ಟೆಬಿಲೈಸರ್ ಅನ್ನುತ್ತಾರೆ. ಬಿಸಿಲಿಗೆ ಕ್ಲೋರಿನ್ ಹಾಳಾಗದ ಹಾಗೆ ಕಾಯುವುದು ಅದರ ಕೆಲಸ. 30ರಿಂದ 50 ಪಿಪಿಎಂ ಇದ್ದರೆ ಒಳ್ಳೆಯದೇ. ಆದರೆ ಕ್ಲೋರಿನ್ ಖರ್ಚಾಗುತ್ತದೆ, ಇದು ಹಾಗೇ ಉಳಿಯುತ್ತದೆ. ನೀರು ಆವಿಯಾದರೂ ಹೋಗುವುದಿಲ್ಲ. ನಮ್ಮ ಪೂಲಿನಲ್ಲಿ ಒಂದು ಬಿಲ್ಲೆ ಕರಗಿದರೆ ಸುಮಾರು 5 ಪಿಪಿಎಂ ಏರುತ್ತದೆ. ಐದು ತಿಂಗಳಿಗೆ ಮೂವತ್ತೈದಕ್ಕೂ ಜಾಸ್ತಿ ಬಿಲ್ಲೆ! ಕೊನೆಗೆ ಅದರದೇ ಕಿಟ್ ತರಿಸಿ ನೋಡಿದಾಗ 160. ಅಷ್ಟಿದ್ದರೆ ಕ್ಲೋರಿನ್ನಿನ ಬಹುಪಾಲು ಸ್ಟೆಬಿಲೈಸರ್ ಹಿಡಿತದಲ್ಲೇ ಇರುತ್ತದೆ. ಕಿಟ್ ಅದನ್ನೂ ಸೇರಿಸಿ ಎಣಿಸುತ್ತದೆ, ಪಾಚಿಗೆ ಮಾತ್ರ ಅದು ತಾಗುವುದೇ ಇಲ್ಲ.

ಇದಕ್ಕೆ ಸುಲಭದ ಔಷಧಿ ಇಲ್ಲ. ನೀರು ತೆಗೆದು ಹೊಸ ನೀರು ತುಂಬಬೇಕು, ಅಷ್ಟೇ. ಅರ್ಧ ತೆಗೆದರೆ 160 ಎಂಬತ್ತಾಗುತ್ತದೆ. ಬೇಸಿಗೆಯಲ್ಲಿ ಕಾವೇರಿ ನಲ್ಲಿ ನೀರನ್ನು ಪೂಲಿಗೆ ಬಿಡಲು ನನಗೆ ಮನಸ್ಸಾಗಲಿಲ್ಲ. ಪಕ್ಕದ ಬೀದಿಯವರು ಬಿಂದಿಗೆ ಹಿಡಿದು ಕಾಯುವಾಗ ಅದು ಸರಿಯಲ್ಲ. ಎರಡು ಟ್ಯಾಂಕರ್ ಬೋರ್‌ವೆಲ್ ನೀರು ತರಿಸಿದೆ.

ತುಂಬಿದಾಗ ನೀರು ತಿಳಿಯಾಗಿಯೇ ಇತ್ತು. ಸಂಜೆ ಕ್ಲೋರಿನ್ ಹಾಕಿದೆ. ಬೆಳಿಗ್ಗೆ ನೋಡಿದರೆ ನೀರು ಕಂದು, ಮೆಟ್ಟಿಲ ಮೇಲೆ ತುಕ್ಕಿನ ಕಲೆ. ಅಮ್ಮ ಕಂಬಿ ಹಿಡಿದು ಒಂದು ಮೆಟ್ಟಿಲು ಇಳಿದವರು ವಾಪಸ್ ಹತ್ತಿದರು. "ಇದೇನೋ ಮಗಾ, ಚರಂಡಿ ಥರ ಆಗಿದೆ. ನಾನು ಇಳಿಯೋಲ್ಲಪ್ಪ" ಅಂದರು. ಬೋರ್ ನೀರಿನಲ್ಲಿ ಕಬ್ಬಿಣ ಕರಗಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಕ್ಲೋರಿನ್ ತಾಗಿದ ಕೂಡಲೇ ಅದು ತುಕ್ಕಾಗಿ ಹೊರಗೆ ಬಂದು ಮೆಟ್ಟಿಲು, ಗೋಡೆಗೆ ಕೂರುತ್ತದೆ.

ಬ್ಲೀಚಿಂಗ್ ಪೌಡರ್ ಹಾಕಿ ಗಸಗಸ ಉಜ್ಜಿದೆ. ತಪ್ಪು ಮಾಡಿದೆ. ಜೂನ್‌ನಲ್ಲಿ ನೇರಳೆ ಹಣ್ಣು ಬಿದ್ದು ಆಗುವ ಕಲೆ, ಹೊಂಗೆ ಎಲೆ ಕೊಳೆತು ಆಗುವ ಕಲೆ ಕ್ಲೋರಿನ್‌ಗೆ ಹೋಗುತ್ತವೆ. ಕಬ್ಬಿಣದ ಕಲೆ ಇನ್ನೂ ಗಟ್ಟಿಯಾಗುತ್ತದೆ. ಆಗ ಬಂದವರು ಹಿಂದೆ ಹೋಟೆಲೊಂದರ ಪೂಲ್ ನೋಡಿಕೊಳ್ಳುತ್ತಿದ್ದ ಹಿರಿಯರೊಬ್ಬರು. "ವಿಟಮಿನ್ ಸಿ ಮಾತ್ರೆ ಒಂದು ಕೊಡಿ ಸಾರ್" ಅಂದರು. ಮಾತ್ರೆಯನ್ನು ಕಲೆಯ ಮೇಲೆ ಅರ್ಧ ನಿಮಿಷ ಒತ್ತಿ ಹಿಡಿದು ತೆಗೆದರೆ, ಅದರಡಿ ಬೆಳ್ಳಗೆ ಒಂದು ಚುಕ್ಕಿ. ಹಾಗೆ ಬೆಳ್ಳಗಾದರೆ ಅದು ಕಬ್ಬಿಣದ ಕಲೆ ಅಂತಲೇ ಲೆಕ್ಕ.

ಎರಡು ಮೂರು ದಿನ ಏನೂ ಹಾಕದೆ ಕ್ಲೋರಿನ್ ಇಳಿಯಲು ಬಿಟ್ಟೆ. ಸೊನ್ನೆಯಾದ ಮೇಲೆ 250 ಗ್ರಾಂ ಆಸ್ಕಾರ್ಬಿಕ್ ಆಸಿಡ್ ಪುಡಿ, ಅಂದರೆ ಅದೇ ವಿಟಮಿನ್ ಸಿ, ಮೆಟ್ಟಿಲ ಸುತ್ತ ಉದುರಿಸಿದೆ. ನೋಡನೋಡುತ್ತಾ ಕಲೆ ಕರಗಿತು. ಆದರೆ ಕಬ್ಬಿಣ ನೀರಲ್ಲೇ ಇರುತ್ತದೆ, ಅದನ್ನು ಮರೆಯಬಾರದು. ಕಲೆ ಮತ್ತೆ ಕೂರದಂತೆ ಕಬ್ಬಿಣವನ್ನು ನೀರಲ್ಲೇ ಹಿಡಿದಿಡುವ ಸೀಕ್ವೆಸ್ಟ್ರೆಂಟ್ ಹಾಕಿ, ಆಮೇಲೆ ದಿನಕ್ಕೆ ಸ್ವಲ್ಪ ಸ್ವಲ್ಪವೇ ಕ್ಲೋರಿನ್ ಏರಿಸಬೇಕು. ಮೊದಮೊದಲು ಹಾಕಿದ ಕ್ಲೋರಿನ್ ಕಾಣಿಸುವುದೇ ಇಲ್ಲ, ಉಳಿದ ವಿಟಮಿನ್ ಸಿ ಅದನ್ನು ತಿಂದುಹಾಕುತ್ತದೆ. ಗಾಬರಿಯಾಗಿ ಒಟ್ಟಿಗೆ ಸುರಿಯಬೇಡಿ.

ಈಗ ಯಾವ ಟ್ಯಾಂಕರ್ ಬಂದರೂ ಮೊದಲು ಒಂದು ಬಿಳಿ ಬಕೆಟ್ ನೀರು ಹಿಡಿದು, ಒಂದು ಚಮಚ ಹೈಪೋ ಹಾಕಿ ನೋಡುತ್ತೇನೆ. ಕಂದಾದರೆ ಅದು ಪೂಲಿಗಲ್ಲ, ತೆಂಗಿನ ಮರಕ್ಕೆ.

ಬ್ಲೀಚಿಂಗ್ ಪೌಡರ್ ಕೂಡ ಒಂದು ತಿಂಗಳು ಬಳಸಿದೆ. ಅಗ್ಗ, ಎಲ್ಲೆಡೆ ಸಿಗುತ್ತದೆ, ಸ್ಟೆಬಿಲೈಸರ್ ಕಾಟ ಇಲ್ಲ. ಆದರೆ ಅದರಲ್ಲಿ ಕ್ಲೋರಿನ್ ಮೂರನೇ ಒಂದು ಪಾಲು, ಉಳಿದದ್ದು ಹೆಚ್ಚಾಗಿ ಸುಣ್ಣ. ಬಕೆಟಿನಲ್ಲಿ ಕದಡಿ, ರಾತ್ರಿಯಿಡೀ ಇಟ್ಟು, ಮೇಲಿನ ತಿಳಿ ಮಾತ್ರ ಬಗ್ಗಿಸಬೇಕು. ನಮ್ಮ ಬೋರ್ ನೀರು ಮೊದಲೇ ಗಡಸು, ಅದಕ್ಕೆ ಮತ್ತೆ ಕ್ಯಾಲ್ಸಿಯಂ ಸೇರಿದರೆ ಟೈಲ್ಸ್ ಅಂಚಿಗೆ ಬಿಳಿ ಪೊರೆ ಕಟ್ಟುತ್ತದೆ. ಇನ್ನೊಂದು ಮಾತು. ಬಿಲ್ಲೆ ಹಾಕಿದ್ದ ಡಬ್ಬಿಗೆ ಈ ಪುಡಿ ಹಾಕಲೇಬೇಡಿ. ಎರಡೂ ಬೆರೆತರೆ ಬೆಂಕಿ ಹತ್ತಬಹುದು, ಸಿಡಿಯಲೂಬಹುದು.

ಹೈಪೋದಲ್ಲಿ ಸ್ಟೆಬಿಲೈಸರೂ ಇಲ್ಲ, ಸುಣ್ಣವೂ ಇಲ್ಲ. ಹಾಗಂತ ಅದರಲ್ಲಿ ತೊಂದರೆಯೇ ಇಲ್ಲ ಅಂತಲ್ಲ. ಬಟ್ಟೆಗೆ ಬಿದ್ದರೆ ಬಣ್ಣ ಹೋಗುತ್ತದೆ. ಬಿಸಿಲಲ್ಲಿಟ್ಟರೆ ಶಕ್ತಿ ಇಳಿಯುತ್ತದೆ, ಹಾಗಾಗಿ ಎರಡು ವಾರಕ್ಕಾಗುವಷ್ಟೇ ತಂದು ನೆರಳಲ್ಲಿಡುತ್ತೇನೆ. ಪಿಎಚ್, ಅಂದರೆ ನೀರು ಎಷ್ಟು ಆಮ್ಲ ಎಷ್ಟು ಕ್ಷಾರ ಅನ್ನುವ ಅಳತೆ, 7.2ರಿಂದ 7.6ರ ನಡುವೆ ಇರಲಿ ಅಂತ ವಾರಕ್ಕೊಮ್ಮೆ ನೋಡಿ, ಏರಿದ್ದರೆ ಸ್ವಲ್ಪ ಆಸಿಡ್ ಹಾಕುತ್ತೇನೆ. ಆ ಆಸಿಡ್ ಕ್ಯಾನ್ ಮನೆಯ ಇನ್ನೊಂದು ಮೂಲೆಯಲ್ಲಿ. ಹೈಪೋ ಜೊತೆ ಬೆರೆತರೆ ವಿಷ ಗಾಳಿ ಏಳುತ್ತದೆ.

ನನ್ನ ದಿನಚರಿಗೆ ಇದು ಹೊಂದುತ್ತದೆ. ಸಂಜೆ ಸೂರ್ಯ ಮುಳುಗಿದ ಮೇಲೆ ಗಿಡಗಳಿಗೆ ನೀರು ಬಿಡುವಾಗ, ಪಂಪ್ ಹಾಕಿ ಅರ್ಧ ಲೀಟರ್ ಹೈಪೋ ಸುತ್ತ ಸುರಿಯುತ್ತೇನೆ. 10 ಪರ್ಸೆಂಟಿನ ಹೈಪೋ ಆದರೆ ನಮ್ಮ ನೀರಿಗೆ ಅದು 2.3 ಪಿಪಿಎಂ. ತಿಂಗಳಿಗೆ 15 ಲೀಟರ್. ಟ್ಯಾಬ್ಲೆಟ್ ಖರ್ಚಿಗೆ ಎರಡು ಟ್ಯಾಂಕರ್, ವಿಟಮಿನ್ ಸಿ, ಸೀಕ್ವೆಸ್ಟ್ರೆಂಟ್ ಎಲ್ಲಾ ಸೇರಿಸಿ ನೋಡಿದಾಗ ಹೈಪೋನೇ ಅಗ್ಗವಾಯಿತು. ಕೆಲಸದ ಮೇಲೆ ಮನೆ ಬಿಟ್ಟಿರುವವರು, ತೋಟದ ಮನೆಗೆ ವಾರಕ್ಕೊಮ್ಮೆ ಹೋಗುವವರು ಟ್ಯಾಬ್ಲೆಟ್ ಬಿಡಲಾರರು, ಅದು ನನಗೆ ಅರ್ಥವಾಗುತ್ತದೆ. ಅವರು ಸ್ಟೆಬಿಲೈಸರ್ ಕಿಟ್ ಇಟ್ಟುಕೊಂಡು ತಿಂಗಳಿಗೊಮ್ಮೆ ನೋಡಲಿ, 50 ದಾಟಿದರೆ ನಿಲ್ಲಿಸಲಿ. ನಾವು ಊರಿಗೆ ಹೋದಾಗ ನಾನೂ ಒಂದು ಬಿಲ್ಲೆ ತೇಲಿಬಿಡುತ್ತೇನೆ. ವರ್ಷಕ್ಕೆ ನಾಲ್ಕೈದು, ಅದಕ್ಕಿಂತ ಜಾಸ್ತಿ ಇಲ್ಲ.