ಸೆಲ್ ಅಥವಾ ಮ್ಯೂಟೂ: ಹೊಣೆಗಾರಿಕೆಯ ಪ್ರಬಂಧಕ್ಕೆ ಯಾರು?

ಕೃತಕವಾಗಿ ಸೃಷ್ಟಿಯಾದ ಖಳನ ನೈತಿಕ ಹೊಣೆಯ ಕುರಿತು ಬರೆಯಲು ಸೆಲ್, ಮ್ಯೂಟೂ ಇಬ್ಬರಲ್ಲೊಬ್ಬನನ್ನು ಆರಿಸುವವರು ಮೊದಲು ನೋಡಬೇಕಾದದ್ದು, ಸೃಷ್ಟಿಕರ್ತನ ಆಜ್ಞೆ ಎಲ್ಲಿಗೆ ಮುಗಿಯುತ್ತದೆ ಎಂಬುದನ್ನು. ಜಪಾನಿ ಅನಿಮೇಶನ್ ಸರಣಿ ‘ಡ್ರ್ಯಾಗನ್ ಬಾಲ್ ಝಡ್’ನ ಸೆಲ್, ವಿಜ್ಞಾನಿ ಡಾಕ್ಟರ್ ಗೆರೋನ ಕಂಪ್ಯೂಟರ್ ರೂಪಿಸಿದ ಜೀವಿ; ಗೆರೋನೇ ಸೃಷ್ಟಿಸಿದ ಯಂತ್ರಮಾನವರಾದ 17 ಮತ್ತು 18ನೆಯ ಆಂಡ್ರಾಯ್ಡ್‌ಗಳನ್ನು ಬಾಲದಿಂದ ಹೀರಿ ಪರಿಪೂರ್ಣನಾಗುವುದು ಅವನೊಳಗೆ ಮೊದಲೇ ಬರೆದಿಟ್ಟ ಗುರಿ. ಆದರೆ ಗುರಿ ಮುಟ್ಟಿದ ಮೇಲೆ ಟಿವಿಯಲ್ಲಿ ಕಾಣಿಸಿಕೊಂಡು ಕಾಳಗದ ಪಂದ್ಯ ಸಾರಿದ್ದು ಅವನದೇ ಖಯಾಲಿ. ಅದಕ್ಕೂ ಗೆರೋನನ್ನೇ ದೂರುವುದು ನನಗಂತೂ ಒಪ್ಪಿಗೆಯಿಲ್ಲ. 1998ರ ಪೋಕೆಮಾನ್ ಚಿತ್ರದ ಮ್ಯೂಟೂ, ತನ್ನನ್ನು ಸೃಷ್ಟಿಸಿದ ಪ್ರಯೋಗಾಲಯವನ್ನೇ ನಾಶಮಾಡಿ, ಮನುಷ್ಯರ ಮೇಲೆ ಸೇಡಿಗೆ ನಿಂತು, ಕೊನೆಗೆ ತಾನಾಗಿ ಹಿಂದೆ ಸರಿಯುತ್ತಾನೆ. ಸ್ವಭಾವಕ್ಕೂ ಆಯ್ಕೆಗೂ ನಡುವಿನ ಗಡಿ ಹುಡುಕುವವರಿಗೆ ಸೆಲ್ ಅನುಕೂಲ. ನೊಂದವನ ಅಪರಾಧವನ್ನು ತೂಗುವವರಿಗೆ ಮ್ಯೂಟೂ ಹೆಚ್ಚು ಒದಗುತ್ತಾನೆ. ಸಮಯ ಕಡಿಮೆಯಿದ್ದರೂ ಅವನೇ ಸುಲಭ, ಒಂದು ಚಿತ್ರ ನೋಡಿದರೆ ಸಾಕು. ಸೆಲ್‌ನದು ಹತ್ತಾರು ಕಂತುಗಳು.