ವಾರಕ್ಕೊಂದು, ಒಂದೇ ಏಟಿಗೆ ಎಂಟು, ಇಲ್ಲಾಂದ್ರೆ ಹಳೇದೇ ಮತ್ತೊಮ್ಮೆ

ಆನ್‌ಲೈನ್ ಗೆಳೆಯರ ಜೊತೆ ಸೀರಿಯಲ್ ನೋಡುವುದಕ್ಕೆ ನಾಲ್ಕು ದಾರಿ ಇವೆ. ವಾರಕ್ಕೊಂದು ಎಪಿಸೋಡ್ ಬರುವುದನ್ನು ಕಾದು ನೋಡುವುದು. ಇಡೀ ಸೀಸನ್ ಒಂದೇ ದಿನ ಬಂದಾಗ ಕೂತು ಮುಗಿಸುವುದು. ಎಲ್ಲರೂ ಅವರವರ ಮನೆಯಲ್ಲಿ ಒಂದೇ ಹೊತ್ತಿಗೆ ಪ್ಲೇ ಒತ್ತಿ ‘ವಾಚ್ ಪಾರ್ಟಿ’ ಮಾಡುವುದು. ಕೊನೆಯದು, ಎಲ್ಲರಿಗೂ ಕಥೆ ಗೊತ್ತಿರುವ ಹಳೇ ಸೀರಿಯಲ್ಲನ್ನೇ ಮತ್ತೆ ಹಾಕುವುದು. ನಮ್ಮ ಗುಂಪು ನಾಲ್ಕನ್ನೂ ಮಾಡಿ ನೋಡಿದೆ. ಸೀರಿಯಲ್ಲಿಗೆ ಒಳ್ಳೆಯದಾದ ದಾರಿಯೇ ಗೆಳೆತನಕ್ಕೂ ಒಳ್ಳೆಯದು ಅಂತ ಮೊದಲು ಅಂದುಕೊಂಡಿದ್ದೆ. ಹಾಗೇನೂ ಇಲ್ಲ.

ಗುಂಪು ಅಂದರೆ ದೊಡ್ಡದಲ್ಲ. ನಾನು ಮುಂಬೈ ಹತ್ತಿರದ ಡೊಂಬಿವಲಿಯವಳು. ವಾಶಿಯಲ್ಲಿ ಒಬ್ಬರಿದ್ದಾರೆ, ಎಲ್ಲರಿಗಿಂತ ದೊಡ್ಡವರು, ಹಾಗಾಗಿ ಎಲ್ಲರಿಗೂ ಅಣ್ಣ. ಪುಣೆಯಲ್ಲಿ ಒಬ್ಬಳು ಐಟಿ ಹುಡುಗಿ. ಗೋವಾದ ಮಡಗಾಂವ್‌ನಲ್ಲಿ ಹುಟ್ಟಿ ಬೆಳೆದ ಒಬ್ಬ ಹುಡುಗ, ಕನ್ನಡ ಚೆನ್ನಾಗಿ ಮಾತಾಡುತ್ತಾನೆ, ಓದುವಾಗ ಮಾತ್ರ ತಡವರಿಸುತ್ತಾನೆ. ಶಿವಮೊಗ್ಗದ ಒಬ್ಬರು ಮೇಷ್ಟ್ರು. ಆರ್ಕುಟ್‌ನಲ್ಲಿ ಪರಿಚಯ. ಗೂಗಲ್ ಅದನ್ನು 2014ರ ಸೆಪ್ಟೆಂಬರ್ 30ಕ್ಕೆ ಮುಚ್ಚಿದಾಗ ಗಂಟುಮೂಟೆ ಕಟ್ಟಿಕೊಂಡು ವಾಟ್ಸ್ಯಾಪಿಗೆ ಬಂದೆವು. ಬರುವಾಗ ಎಷ್ಟೋ ಜನ ದಾರಿಯಲ್ಲಿ ಕಳೆದುಹೋದರು. ಉಳಿದವರು ಇಷ್ಟೇ.

ವಾರದ ಲೆಕ್ಕಕ್ಕೆ ನಮ್ಮ ದೊಡ್ಡ ಪರೀಕ್ಷೆ, ಸಿಂಹಾಸನಕ್ಕಾಗಿ ಕಾದಾಡುವ ಕಥೆಯ ಅಮೆರಿಕನ್ ಸೀರಿಯಲ್ ‘ಗೇಮ್ ಆಫ್ ಥ್ರೋನ್ಸ್’ನ ಕೊನೆಯ ಸೀಸನ್. 2019ರ ಏಪ್ರಿಲ್ 15ರಿಂದ ಮೇ 20ರವರೆಗೆ ಆರು ಸೋಮವಾರ, ಆರು ಎಪಿಸೋಡ್. ಅಮೆರಿಕದಲ್ಲಿ ಭಾನುವಾರ ರಾತ್ರಿ 9 ಗಂಟೆ ಅಂದರೆ ನಮಗೆ ಸೋಮವಾರ ಬೆಳಿಗ್ಗೆ 6.30. ಹಾಟ್‌ಸ್ಟಾರ್‌ನಲ್ಲಿ ಅದೇ ಹೊತ್ತಿಗೆ ಬರುತ್ತಿತ್ತು. ಮುಂಬೈ ಕಡೆ ಆರೂವರೆ ಅಂದರೆ ನಲ್ಲಿ ನೀರು ಹಿಡಿಯುವ ಹೊತ್ತು, ಡಬ್ಬಿ ಕಟ್ಟುವ ಹೊತ್ತು. ಹೀಗಾಗಿ ಅರ್ಧ ಮನೆಯಲ್ಲಿ, ಅರ್ಧ ಲೋಕಲ್‌ನಲ್ಲಿ.

ಆಗ ನಮ್ಮ ಫಾಸ್ಟ್ ಲೋಕಲ್ ಪಾರ್ಸಿಕ್ ಸುರಂಗದೊಳಗೇ ಹೋಗುತ್ತಿತ್ತು. ಒಳಗೆ ಹೊಕ್ಕ ಕೂಡಲೇ ನೆಟ್‌ವರ್ಕ್ ಸತ್ತುಹೋಗುತ್ತಿತ್ತು. ಪರದೆಯ ಮೇಲೆ ಯಾರೋ ಕತ್ತಿ ಎತ್ತಿದ್ದಾರೆ, ಎತ್ತಿದ ಕೈ ಎತ್ತಿದ ಹಾಗೇ ಇದೆ, ನಡುವೆ ಚಕ್ರ ಸುತ್ತುತ್ತಿದೆ. ಲೇಡೀಸ್ ಡಬ್ಬಿಯಲ್ಲಿ ನನ್ನ ಪಕ್ಕ ನಾಲ್ಕನೇ ಸೀಟಿನಲ್ಲಿ ಅರ್ಧ ಕೂತಿದ್ದ ಒಬ್ಬ ಹೆಂಗಸು ದಿವಾದಿಂದಲೇ ನನ್ನ ಫೋನಿಗೆ ಕಣ್ಣು ಹಾಕಿದ್ದರು. ಸುರಂಗದ ಕತ್ತಲಲ್ಲಿ ಮರಾಠಿಯಲ್ಲಿ ಕೇಳಿದರು, ಈಗ ಇವಳು ಸಾಯ್ತಾಳಾ ಅಂತ. ನನಗೇನು ಗೊತ್ತು! ಥಾಣೆ ಹತ್ತಿರ ಬೆಳಕಿಗೆ ಬಂದಾಗ ವೀಡಿಯೋಗಿಂತ ಮೊದಲು ಬಂದದ್ದು ಅಣ್ಣನ ಮೆಸೇಜ್: “ಮುಗೀತಾ ಮಾರಾಯ್ತಿ? ಹೇಳ್ಬಹುದಾ?” ಸೋಮವಾರ ರಾತ್ರಿ ಊಟದ ತನಕ ಯಾರೂ ಬಾಯಿ ಬಿಡಬಾರದು ಅಂತ ನಿಯಮ ಹುಟ್ಟಿದ್ದು ಆವತ್ತೇ.

ಮೂರನೇ ಎಪಿಸೋಡ್ ಬಂದದ್ದು ಏಪ್ರಿಲ್ 29ಕ್ಕೆ. ಆವತ್ತು ಮುಂಬೈ, ಥಾಣೆ, ಕಲ್ಯಾಣದಲ್ಲಿ ಲೋಕಸಭೆ ಮತದಾನ, ಆಫೀಸಿಗೆ ರಜೆ. 82 ನಿಮಿಷದ ಎಪಿಸೋಡ್, ಪೂರ್ತಿ ರಾತ್ರಿ ಯುದ್ಧ. ಏನೂ ಕಾಣುವುದಿಲ್ಲ ಅಂತ ಜಗತ್ತೆಲ್ಲ ಬೈದದ್ದು ಇದಕ್ಕೇ. ನಾನು ಕಿಟಕಿಗೆ ಬೆಡ್‌ಶೀಟ್ ಸಿಕ್ಕಿಸಿ ನೋಡಿದೆ, ಆಮೇಲೆ ಹೋಗಿ ಓಟು ಹಾಕಿ ಬಂದೆ. ಮಧ್ಯಾಹ್ನದ ಹೊತ್ತಿಗೆ ಗುಂಪಿನಲ್ಲಿ ಶಾಯಿ ಹಚ್ಚಿದ ಬೆರಳಿನ ಫೋಟೋಗಳು. ಪುಣೆ ಮತ್ತು ಗೋವಾದಲ್ಲಿ 23ಕ್ಕೇ ಮತದಾನ ಮುಗಿದಿತ್ತು. ಪುಣೆಯವಳಿಗೆ ಆಫೀಸ್ ಇತ್ತು. ಅವಳ ಹೊಟ್ಟೆಉರಿ ನೋಡಬೇಕಿತ್ತು. ರಾತ್ರಿ ನಿಯಮ ಸಡಿಲಾದ ಮೇಲೆ ಆರ್ಯಾ ಅನ್ನುವ ಹುಡುಗಿ ಚಾಕು ಹಾಕಿದ ರೀತಿ ಸರಿಯೋ ತಪ್ಪೋ ಅಂತ ಹನ್ನೆರಡು ಗಂಟೆಯವರೆಗೆ ವಾದ. (ಇಷ್ಟು ವರ್ಷ ಆದಮೇಲೆ ಇದನ್ನು ಹೇಳಬಹುದು ಅಲ್ವಾ?)

ವಾರಕ್ಕೊಂದರ ಲಾಭ ಇದೇ. ಎಲ್ಲರೂ ಒಂದೇ ಜಾಗದಲ್ಲಿ ನಿಂತಿರುತ್ತಾರೆ. ಮುಂದೇನು ಅಂತ ಯಾರಿಗೂ ಗೊತ್ತಿಲ್ಲ, ಹಾಗಾಗಿ ದೊಡ್ಡವರು ಚಿಕ್ಕವರು ಅಂತಿಲ್ಲ. ಊಹೆ ಕಟ್ಟುವುದರಲ್ಲಿ ಮಡಗಾಂವ್ ಹುಡುಗ ಎತ್ತಿದ ಕೈ. ಅವನ ಊಹೆ ಒಂದೂ ನಿಜವಾಗಲಿಲ್ಲ, ಆದರೆ ಬರೆದ ಕಥೆಗಿಂತ ಅವನ ಕಥೆಯೇ ಚೆನ್ನಾಗಿರುತ್ತಿತ್ತು. ತೊಂದರೆ ಏನಂದರೆ ಮಾತು ಸೀರಿಯಲ್ಲಿನ ಆಚೆ ಹೋಗುವುದೇ ಇಲ್ಲ. ಯಾರು ಯಾರನ್ನು ಕೊಂದರು, ಸಿಂಹಾಸನದ ಮೇಲೆ ಯಾರು ಕೂರಬೇಕಿತ್ತು, ಯಾಕೆ ಕೂತ. ಕೊನೆಯ ಎಪಿಸೋಡ್ ಮುಗಿಯಿತು, ಎಲ್ಲರೂ ಬೈದೆವು, ಜೂನ್ ಬರುವಷ್ಟರಲ್ಲಿ ಗುಂಪಿನಲ್ಲಿ ಗುಡ್ ಮಾರ್ನಿಂಗ್ ಹೂವು ಬಿಟ್ಟರೆ ಏನೂ ಇಲ್ಲ.

ಒಂದೇ ಏಟಿಗೆ ಮುಗಿಸುವುದಕ್ಕೆ ಉದಾಹರಣೆ ಜರ್ಮನಿಯ ‘ಡಾರ್ಕ್’. ವಿಂಡೆನ್ ಅಂತ ಒಂದು ಊರು, 33 ವರ್ಷಕ್ಕೊಮ್ಮೆ ಗಂಟು ಬೀಳುವ ಕಾಲ, ನಾಲ್ಕು ಮನೆತನ. ಮೂರನೇ ಸೀಸನ್ ನೆಟ್‌ಫ್ಲಿಕ್ಸ್‌ಗೆ ಬಂದದ್ದು 2020ರ ಜೂನ್ 27. ಕಥೆಯೊಳಗೆ ಪ್ರಳಯ ಆಗುವುದೂ ಅದೇ ತಾರೀಖು, ಬೇಕೆಂದೇ ಇಟ್ಟದ್ದು. ಶನಿವಾರ, ಮಧ್ಯಾಹ್ನ ಹನ್ನೆರಡೂವರೆ. ಲೋಕಲ್ ಆಗ ಅಗತ್ಯ ಸೇವೆಯವರಿಗೆ ಮಾತ್ರ ಓಡುತ್ತಿತ್ತು, ಹೊರಗೆ ಮಳೆ. ನೋಡದೆ ಇನ್ನೇನು ಮಾಡುವುದು?

ಇಂಥ ಸೀರಿಯಲ್ಲಿಗೆ ಒಟ್ಟಿಗೇ ನೋಡುವುದು ಸರಿ. ಒಂದೇ ಮನುಷ್ಯ ಮೂರು ವಯಸ್ಸಿನಲ್ಲಿ ಮೂರು ಮುಖ ಹೊತ್ತು ಬರುತ್ತಾನೆ, ವಾರ ಬಿಟ್ಟರೆ ಯಾರು ಯಾರೆಂದೇ ಮರೆತುಹೋಗುತ್ತದೆ. ಮಗನ ಡ್ರಾಯಿಂಗ್ ಹಾಳೆ ತಗೊಂಡು ನಾನೊಂದು ವಂಶವೃಕ್ಷ ಬರೆದೆ. ಶಾರ್ಲೊಟ್‌ನಿಂದ ಮಗಳು ಎಲಿಸಬೆತ್‌ಗೆ ಗೆರೆ ಎಳೆದರೆ, ಅಲ್ಲಿಂದ ಗೆರೆ ವಾಪಸ್ ಶಾರ್ಲೊಟ್‌ಗೇ ಬರುತ್ತದೆ. ಮಗಳೇ ಅಮ್ಮನ ಅಮ್ಮ. ಹಾಳೆಯ ಫೋಟೋ ಗುಂಪಿಗೆ ಹಾಕಿದೆ. ಮೇಷ್ಟ್ರು ಅದಕ್ಕೆ ಕೆಂಪು ಶಾಯಿಯಲ್ಲಿ ತಿದ್ದಿ ವಾಪಸ್ ಹಾಕಿದರು.

ಗೆಳೆತನದ ಕಡೆಯಿಂದ ನೋಡಿದರೆ ಮಾತ್ರ ಇದು ಕೆಟ್ಟ ದಾರಿ. ಮಡಗಾಂವ್ ಹುಡುಗ ಅದೇ ರಾತ್ರಿ ಎಂಟೂ ಎಪಿಸೋಡ್ ಮುಗಿಸಿದ. ಅಣ್ಣ ಭಾನುವಾರ. ಪುಣೆಯವಳು ಮನೆಯಿಂದ ಕೆಲಸ, ಎರಡು ಮಕ್ಕಳು, ದಿನಕ್ಕೆ ಅರ್ಧ ಎಪಿಸೋಡ್. ಅವಳಿಗೆ ಸ್ಪಾಯ್ಲರ್ ಆಗಬಾರದು ಅಂತ ‘ಮುಗಿಸಿದವರು’ ಅಂತ ಬೇರೆ ಗುಂಪು ಮಾಡಿದೆವು. ಅವಳು ಕುಣಿಯುತ್ತ ಆ ಗುಂಪಿಗೆ ಬರುವಷ್ಟರಲ್ಲಿ ಉಳಿದವರ ಮಾತು ಮುಗಿದಿತ್ತು. “ಹೌದಲ್ವಾ, ಸಖತ್ತಾಗಿತ್ತು” ಅಂತ ಎರಡು ಮೆಸೇಜ್. ಅವಳಿಗೆ ಬೇಜಾರಾದದ್ದು ಸಹಜ. ಮದುವೆ ಮನೆಗೆ ಕೊನೇ ಪಂಕ್ತಿಗೆ ಹೋದ ಹಾಗೆ.

ವಾಚ್ ಪಾರ್ಟಿ ಬಗ್ಗೆ ಜಾಸ್ತಿ ಹೇಳುವುದಕ್ಕೇನೂ ಇಲ್ಲ. ‘ನೆಟ್‌ಫ್ಲಿಕ್ಸ್ ಪಾರ್ಟಿ’ ಅನ್ನುವ ಕ್ರೋಮ್ ಎಕ್ಸ್‌ಟೆನ್ಶನ್ ಲಾಕ್‌ಡೌನಿನಲ್ಲಿ ಹೆಸರು ಮಾಡಿತು, ಆಮೇಲೆ ಅದರ ಹೆಸರು ಟೆಲಿಪಾರ್ಟಿ ಆಯಿತು. ಎಲ್ಲರ ಪರದೆಯೂ ಒಟ್ಟಿಗೆ ಓಡುತ್ತದೆ, ಪಕ್ಕದಲ್ಲಿ ಚಾಟ್. ಆಗ ಎಲ್ಲರಿಗೂ ಅಕೌಂಟ್ ಬೇಕಿತ್ತು, ಕಂಪ್ಯೂಟರ್ ಬೇಕಿತ್ತು. ಒಬ್ಬರು ಕುಕ್ಕರ್ ಆಫ್ ಮಾಡಲು ಎದ್ದು ಪಾಜ್ ಒತ್ತಿದರೆ ಐದು ಮನೆಯಲ್ಲೂ ನಿಲ್ಲುತ್ತದೆ. ಚಾಟ್ ಓದಿದರೆ ಸೀನ್ ತಪ್ಪುತ್ತದೆ, ಸೀನ್ ನೋಡಿದರೆ ಚಾಟ್ ತಪ್ಪುತ್ತದೆ. ಥಿಯೇಟರಿನಲ್ಲಿ ಪಕ್ಕದವರು ನಗುವುದು ಕೇಳಿಸುತ್ತದೆ, ಇಲ್ಲಿ ಬರುವುದು ನಗುವ ಮುಖದ ಗೊಂಬೆ ಮಾತ್ರ. ಎರಡು ಮೂರು ಸಲ ಮಾಡಿ ಬಿಟ್ಟೆವು.

ಹಳೇದನ್ನು ಮತ್ತೆ ನೋಡುವುದು ಶುರುವಾದದ್ದು ಸುಮ್ನೆ. ‘ಮಾಯಾಮೃಗ’ ಯೂಟ್ಯೂಬಿನಲ್ಲಿದೆ ಅಂತ ಮೇಷ್ಟ್ರು ಲಿಂಕ್ ಹಾಕಿದರು. ಟಿ.ಎನ್. ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ ಮೂವರೂ ಸೇರಿ ನಿರ್ದೇಶಿಸಿದ್ದು, 1998ರಲ್ಲಿ ಚಂದನದಲ್ಲಿ ಬಂದದ್ದು. ನಮ್ಮ ಬಿಲ್ಡಿಂಗಿನ ಕೇಬಲ್‌ನಲ್ಲಿ ಆಗ ಚಂದನ ಬರುತ್ತಿರಲಿಲ್ಲ. ಮೇ ರಜೆಗೆ ಸಾಗರದ ಅಜ್ಜಿ ಮನೆಗೆ ಹೋದಾಗ ನೋಡಿದ ತುಂಡುಗಳಷ್ಟೇ ನನ್ನ ‘ಮಾಯಾಮೃಗ’. ನಡುವಿನ ಕಥೆಯೆಲ್ಲ ಈಗ ಸಿಕ್ಕಿತು.

ಇಲ್ಲಿ ನಿಯಮವೇ ಬೇಕಾಗಲಿಲ್ಲ. ಯಾರು ಯಾವಾಗ ಬೇಕಾದರೂ ನೋಡಲಿ, ಏನು ಬೇಕಾದರೂ ಹೇಳಲಿ. ಮುಚ್ಚಿಡುವುದು ಏನೂ ಇಲ್ಲ. ಕಥೆಯ ಮೇಲಿನ ಕಣ್ಣು ಸ್ವಲ್ಪ ಸಡಿಲಾದ ಮೇಲೆ ಹಿಂದಿನ ಸಾಮಾನುಗಳೆಲ್ಲ ಕಾಣಿಸತೊಡಗಿದವು. ಗೋಡೆಯ ಕ್ಯಾಲೆಂಡರ್, ಲ್ಯಾಂಡ್‌ಲೈನ್ ಫೋನು, ಕುರ್ಚಿಯ ಬೆತ್ತ. ಮಾಳವಿಕಾ ಉಟ್ಟ ಒಂದು ಸೀರೆ ನೋಡಿ ಪುಣೆಯವಳು ಬರೆದಳು: “ನಮ್ಮಮ್ಮನ ಹತ್ರ ಇದೇ ಥರದ್ದು ಇತ್ತು. ಅವರು ಹೋದಮೇಲೆ ಯಾರು ತಗೊಂಡ್ರೋ ಗೊತ್ತಿಲ್ಲ.” ಇಷ್ಟು ವರ್ಷದ ಪರಿಚಯದಲ್ಲಿ ಅವಳ ಅಮ್ಮ ಇಲ್ಲ ಅನ್ನುವುದೇ ನಮಗೆ ಗೊತ್ತಿರಲಿಲ್ಲ.

ಆಮೇಲೆ ‘ಗುಡ್ಡದ ಭೂತ’. ಸದಾನಂದ ಸುವರ್ಣರ ಸೀರಿಯಲ್, ಪ್ರಕಾಶ್ ರೈ ಇನ್ನೂ ಹುಡುಗ. ಸುವರ್ಣರು ಮುಂಬೈ ಕನ್ನಡ ರಂಗಭೂಮಿಯಲ್ಲಿ ದುಡಿದವರು, ‘ಘಟಶ್ರಾದ್ಧ’ದ ನಿರ್ಮಾಪಕರು. ಅದರ ‘ಡೆನ್ನಾನ ಡೆನ್ನಾನ’ ಹಾಡು ಶುರುವಾದರೆ ಕರಾವಳಿಯವರು ಕೂತಲ್ಲೇ ಮೈಮರೆಯುತ್ತಾರೆ. ಭೂತದ ಗುಟ್ಟು ಇಲ್ಲಿ ಹೇಳುವುದಿಲ್ಲ, ಇನ್ನೂ ನೋಡದವರಿದ್ದಾರೆ. ಅಣ್ಣ ಆವತ್ತು ಒಂದು ಉದ್ದನೆಯ ವಾಯ್ಸ್ ಮೆಸೇಜ್ ಕಳಿಸಿದರು. ಹುಡುಗನಾಗಿದ್ದಾಗ ಊರು ಬಿಟ್ಟು ಬಂದದ್ದು, ಫೋರ್ಟಿನ ಹೋಟೆಲಿನಲ್ಲಿ ಲೋಟ ತೊಳೆದದ್ದು, ಸಂಜೆ ಕನ್ನಡ ರಾತ್ರಿ ಶಾಲೆಗೆ ಹೋಗಿ ಬೆಂಚಿನ ಮೇಲೆ ತೂಕಡಿಸಿದ್ದು. ನಾಟಕದ ಚಟ ಹತ್ತಿದ್ದೂ ಆ ಶಾಲೆಯಲ್ಲೇ ಅಂತೆ. ‘ಗೇಮ್ ಆಫ್ ಥ್ರೋನ್ಸ್’ ಮಾತಾಡಿದ ಆರು ವಾರದಲ್ಲಿ ಇದರ ಒಂದು ಸುಳಿವೂ ಹೊರಗೆ ಬಂದಿರಲಿಲ್ಲ.

‘ಮಾಲ್ಗುಡಿ ಡೇಸ್’ ಮಡಗಾಂವ್ ಹುಡುಗನಿಗೋಸ್ಕರ ಹಾಕಿದ್ದು. ಹಿಂದಿಯಲ್ಲಿದೆ, ಶಂಕರ್‌ನಾಗ್ ಮಾಡಿದ್ದು, ಎಂಬತ್ತರ ದಶಕದಲ್ಲಿ ದೂರದರ್ಶನದಲ್ಲಿ ಬಂದದ್ದು. ಆಗುಂಬೆಯ ಮನೆಗಳು, ಆರ್.ಕೆ. ಲಕ್ಷ್ಮಣ್ ಚಿತ್ರಗಳು. ಮೇಷ್ಟ್ರು ಆ ಸೀರಿಯಲ್ಲಿನ ಶೂಟಿಂಗ್ ನಡೆದಿದ್ದ ಅರಸಾಳು ಸ್ಟೇಷನ್ನಿಗೆ ಹೋಗಿ ಅಲ್ಲಿನ ಮಾಲ್ಗುಡಿ ಮ್ಯೂಸಿಯಮ್ಮಿನ ಫೋಟೋ ಕಳಿಸಿದರು. ಪುಣೆಯವಳು ಬಿಡುತ್ತಾಳಾ? ಅವಳೂರಿನ ಸಿಂಬಯಾಸಿಸ್ ವಿದ್ಯಾಸಂಸ್ಥೆಯಲ್ಲಿರುವ, ಲಕ್ಷ್ಮಣರ ಕಾರ್ಟೂನಿನ ಕಾಮನ್ ಮ್ಯಾನ್ ಪ್ರತಿಮೆಯ ಜೊತೆ ಸೆಲ್ಫಿ. ನಾನು ಮುಂಬೈಯ ವರ್ಲಿ ಸೀಫೇಸಿನಲ್ಲಿರುವ ಅದೇ ಕಾಮನ್ ಮ್ಯಾನ್ ಜೊತೆ.

ಇದು ನಮ್ಮೊಬ್ಬರ ಕಥೆ ಅಲ್ಲ ಅನಿಸುತ್ತದೆ. ‘ಸ್ಟಾರ್ ಟ್ರೆಕ್’ ಅಮೆರಿಕದಲ್ಲಿ 1966ರಿಂದ 69ರವರೆಗೆ ಓಡಿ 79 ಎಪಿಸೋಡಿಗೆ ನಿಂತುಹೋಯಿತು. ನಡುವೆ ನಿಲ್ಲಿಸಬೇಡಿ ಅಂತ ಅಭಿಮಾನಿಗಳು ರಾಶಿ ರಾಶಿ ಪತ್ರ ಬರೆದದ್ದೂ ಇದೆ. ಆದರೆ ಅದಕ್ಕೆ ದೊಡ್ಡ ಭಕ್ತಗಣ ಹುಟ್ಟಿದ್ದು ನಿಂತಮೇಲೆ, ಲೋಕಲ್ ಚಾನೆಲ್‌ಗಳಲ್ಲಿ ಮತ್ತೆ ಮತ್ತೆ ಹಾಕಿದಾಗ. 1972ರ ಜನವರಿಯಲ್ಲಿ ನ್ಯೂಯಾರ್ಕಿನಲ್ಲಿ ಅಭಿಮಾನಿಗಳ ದೊಡ್ಡ ಮೇಳ ಸೇರಿದ್ದು ಹೊಸ ಎಪಿಸೋಡಿಗಾಗಿ ಅಲ್ಲ. ಎಲ್ಲರಿಗೂ ಬಾಯಿಪಾಠವಾಗಿದ್ದ ಕಥೆಗಾಗಿ.

ಮುಖಾಮುಖಿ ಸಿಗೋಣ ಅಂತ ನಮಗೆ ಅನಿಸಿದ್ದೂ ಹಳೇ ಸೀರಿಯಲ್ ದೆಸೆಯಿಂದಲೇ. ಜಾಗ ಮುಂಬೈಯಲ್ಲಿ ದಕ್ಷಿಣದವರ ಹೋಟೆಲುಗಳಿರುವ ಮಾಟುಂಗಾ, ಇನ್ನೆಲ್ಲಿ? ಭಾನುವಾರ ಕೆಫೆ ಮದ್ರಾಸಿನಲ್ಲಿ ಟೇಬಲ್ ಸಿಗುವುದೇ ಹೆಚ್ಚು. ಸಿಕ್ಕಮೇಲೂ ಕುರ್ಚಿಯ ಹಿಂದೆ ಮುಂದಿನವರು ಕಾಯುತ್ತಿರುತ್ತಾರೆ, ಇಡ್ಲಿ ತಿನ್ನಬಹುದು, ಹರಟೆ ಹೊಡೆಯುವಂತಿಲ್ಲ. ಹಾಗಾಗಿ ಎದ್ದು ಫೈವ್ ಗಾರ್ಡನ್ಸ್‌ಗೆ ನಡೆದೆವು. ಗುಂಪಿನಲ್ಲಿ ಮೇಷ್ಟ್ರ ಹೆಸರು ‘ಸ್ವಾಮಿ’, ಮಾಲ್ಗುಡಿಯ ಪುಟ್ಟ ಹುಡುಗ ಸ್ವಾಮಿ. ಎದುರಿಗೆ ಬಂದದ್ದು ಬಿಳಿ ಮೀಸೆಯ, ಆರಡಿ ಎತ್ತರದ ಮನುಷ್ಯ. ಮಡಗಾಂವ್ ಹುಡುಗ ಅವರನ್ನು ಸ್ವಾಮಿ ಅನ್ನಲೂ ಆಗದೆ, ನಿಜವಾದ ಹೆಸರು ಹಿಡಿದು ಕರೆಯಲೂ ಆಗದೆ ಸಂಜೆಯವರೆಗೆ “ಸರ್, ಅದೂ...” ಅಂತಲೇ ಕಾಲ ಹಾಕಿದ.

ಹಾಗಂತ ಹಳೇದೇ ಸರಿ ಅಂತ ಎಲ್ಲರಿಗೂ ಹೇಳಲಾರೆ. ಯೂಟ್ಯೂಬಿನ ಪ್ರಿಂಟು ಮಸುಕು, ಧ್ವನಿ ಗೊರಗೊರ. ಓಟ ನಿಧಾನ, ಇಪ್ಪತ್ತರ ಹುಡುಗರು ಎರಡನೇ ಎಪಿಸೋಡಿಗೇ ಜಾಗ ಖಾಲಿ ಮಾಡುತ್ತಾರೆ. ಹೊಸಬರು ಗುಂಪಿಗೆ ಬರುವುದು ಇದರಿಂದ ನಿಂತೇ ಹೋಗುತ್ತದೆ. ಇನ್ನೊಂದು ಕಾಟ, “ಈಗಿನ ಸೀರಿಯಲ್ ಎಲ್ಲ ಬರೀ ಅತ್ತೆ ಸೊಸೆ” ಅನ್ನುವ ಗೊಣಗಾಟ. ಮೂರು ದಿನಕ್ಕೊಮ್ಮೆ ಯಾರಾದರೂ ಅದನ್ನು ತೆಗೆಯುತ್ತಾರೆ, ಅಣ್ಣ ಒಂದು ಗಂಟೆ ಮಾತಾಡುತ್ತಾರೆ. ಆಗ ನನಗೆ ವಿಂಡೆನ್ನೇ ವಾಸಿ ಅನಿಸುತ್ತದೆ.

ಹೊಸ ಗುಂಪು ಕಟ್ಟುವವರಿದ್ದರೆ ನಾನು ಹೇಳುವುದು, ವಾರಕ್ಕೊಂದು ಬರುವ ಸೀರಿಯಲ್ಲಿನಿಂದ ಶುರುಮಾಡಿ. ಅಪರಿಚಿತರ ನಡುವೆ ಮಾತು ಹುಟ್ಟುವುದಕ್ಕೆ ಅದಕ್ಕಿಂತ ಸುಲಭದ ದಾರಿ ಇಲ್ಲ. ಅದು ಮುಗಿದ ಮಾರನೇ ವಾರವೇ ಹಳೇದೊಂದನ್ನು ಹಾಕಿ, ತಡಮಾಡಿದರೆ ಗುಡ್ ಮಾರ್ನಿಂಗ್ ಹೂವುಗಳು ಬರುತ್ತವೆ. ಎಂಟು ಎಪಿಸೋಡ್ ಒಟ್ಟಿಗೆ ಬರುವ ಸೀರಿಯಲ್ಲನ್ನು ಒಬ್ಬರೇ ನೋಡಿಕೊಳ್ಳಿ, ಗುಂಪನ್ನು ಅದಕ್ಕೆ ಎಳೆಯಬೇಡಿ.

ಈಗ ನಮ್ಮಲ್ಲಿ ಮುಂದಿನದು ಯಾವುದು ಅಂತ ಜಗಳ ನಡೆದಿದೆ. ಅಣ್ಣನಿಗೆ ಸೀತಾರಾಮರ ‘ಮುಕ್ತ’ ಬೇಕು. ಪುಣೆಯವಳು ಕೋರ್ಟ್ ಸೀನ್ ಸಾಕಪ್ಪಾ, ‘ಸಿಲ್ಲಿ ಲಲ್ಲಿ’ ಹಾಕಿ ಅನ್ನುತ್ತಾಳೆ. ಮಡಗಾಂವ್ ಹುಡುಗ ಎರಡೂ ನೋಡಿಲ್ಲ, ಹಾಗಾಗಿ ಅವನ ಓಟೇ ನಿರ್ಣಾಯಕ. ಅವನನ್ನು ಒಲಿಸಿಕೊಳ್ಳಲು ಇಬ್ಬರೂ ಬೇರೆ ಬೇರೆಯಾಗಿ ಫೋನ್ ಮಾಡಿದ್ದಾರಂತೆ.