ಬಸುರಿಯರ ಮನೆಗೆ ಗಾಜಿನ ಡಿಜಿಟಲ್ ತೂಕದ ಮಷಿನ್: ಕೊಳ್ಳಬಹುದು, ಆದರೆ ಇಡುವ ಜಾಗ ನೋಡಿ

ವಿಜಯಪುರ, ಬಾಗಲಕೋಟೆ ಪೇಟೆಗಳಲ್ಲಿ ಸಿಗುವ ಈ ಮಷಿನ್ 180 ಕೆ.ಜಿ.ವರೆಗೆ, 100 ಗ್ರಾಂ ಅಂತರದಲ್ಲಿ ತೂಕ ತೋರಿಸುತ್ತದೆ. ಮುಳ್ಳಿನ ಮಷಿನ್‌ಗಿಂತ ಇದೇ ವಾಸಿ. ನಾಲ್ಕನೇ ತಿಂಗಳಿಂದ ವಾರಕ್ಕೆ ಸುಮಾರು 400 ಗ್ರಾಂ ಏರುವುದು ಮುಳ್ಳಿನಲ್ಲಿ ಕಣ್ಣಿಗೆ ಬೀಳುವುದಿಲ್ಲ.

ಸೆನ್ಸಾರ್‌ಗಳಿರುವುದು ಅಡಿಯ ನಾಲ್ಕು ಕಾಲಿನಲ್ಲಿ. ಚಾಪೆ, ಜಮಖಾನೆ ಮೇಲಿಟ್ಟರೆ ಲೆಕ್ಕ ತಪ್ಪುತ್ತದೆ. ಉಬ್ಬುತಗ್ಗಿನ ಫರಸಿ ಮೇಲೂ ಅಷ್ಟೇ. ಸಮನಾದ ಜಾಗದಲ್ಲಿಟ್ಟು, ಬಿಚ್ಚದ 25 ಕೆ.ಜಿ. ಅಕ್ಕಿ ಚೀಲವನ್ನು ಮೂರು ಸಲ ತೂಗಿ; ಅಂಕಿ ಬದಲಾಗಬಾರದು. ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದು, ಏನೂ ತಿನ್ನದೆ, ಒಂದೇ ಬಗೆಯ ಬಟ್ಟೆಯಲ್ಲಿ ನಿಲ್ಲಬೇಕು. ಈ ವಾರ ನೈಟಿ, ಮುಂದಿನ ವಾರ ಇಳಕಲ್ ಸೀರೆ ಎಂದರೆ ಲೆಕ್ಕ ಕೆಟ್ಟಿತು.

ದೊಡ್ಡ ಕೊರತೆ ಒಂದಿದೆ. ಅಂಕಿ ಮೂಡುವುದು ಕಾಲ್ಬೆರಳ ಹತ್ತಿರ. ಏಳು ತಿಂಗಳಾದ ಮೇಲೆ ಹೊಟ್ಟೆ ಅಡ್ಡ ಬಂದು ಕಾಣುವುದಿಲ್ಲ. ಬಗ್ಗಿ ನೋಡಿದರೆ ಅಂಕಿ ಅಲುಗಾಡುತ್ತದೆ, ಒದ್ದೆ ಕಾಲಾದರೆ ಗಾಜು ಜಾರುತ್ತದೆ. ಅತ್ತೆಯೋ ಗಂಡನೋ ಪಕ್ಕದಲ್ಲಿ ನಿಂತು ಓದಲಿ.

ಬಸಿರಿಗೆ ಮುಂಚಿನ ತೂಕ ಗೊತ್ತಿದ್ದರೆ ಮಾತ್ರ ಮುಂದಿನ ಅಂಕಿಗೆ ಅರ್ಥ. 150 ಸೆಂ.ಮೀ. ಎತ್ತರಕ್ಕೆ 45 ಕೆ.ಜಿ. ಎಂದರೆ ಬಿಎಂಐ (ಎತ್ತರಕ್ಕೆ ತಕ್ಕ ತೂಕವಿದೆಯೇ ಎಂದು ನೋಡುವ ಅಳತೆ) 20. ಒಂದೇ ಕೂಸಿದ್ದರೆ ಒಟ್ಟು 11.5ರಿಂದ 16 ಕೆ.ಜಿ. ಏರಬೇಕು. ಬಿಎಂಐ 18.5ಕ್ಕಿಂತ ಕಡಿಮೆಯಿದ್ದರೆ 12.5ರಿಂದ 18; ಇಲ್ಲವಾದರೆ ಕೂಸು ಸಣ್ಣದಾಗುವ, ದಿನ ತುಂಬದೆ ಹುಟ್ಟುವ ಭಯ. ಬಿಎಂಐ 30 ದಾಟಿದವರಿಗೆ 5ರಿಂದ 9 ಸಾಕು. ಅವರಿಗೆ ಸಕ್ಕರೆ, ಬಿಪಿ, ಸಿಸೇರಿಯನ್ ಸಂಭವ ಹೆಚ್ಚು. ವಾರದಲ್ಲಿ ಒಂದು ಕೆ.ಜಿ. ಮೀರಿ ಏರಿ, ಮುಖ ಬಾತು, ತಲೆ ಸಿಡಿದರೆ ತಾಯಿ ಕಾರ್ಡ್ ಹಿಡಿದು ಅವತ್ತೇ ಬಿಪಿ ತೋರಿಸಿ.